ಕಾಯುವ ದಿನಗಳಲ್ಲಿ ಒಂದು ವಚನ, ಒಂದು ಜೇಡ

ಅಮ್ಮನ ಕುತ್ತಿಗೆಯಲ್ಲಿದ್ದ ಸಣ್ಣ ಗಂಟಿಗೆ ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದ ದಿನ, ಐದು ದಿನದಲ್ಲಿ ರಿಪೋರ್ಟ್ ಬರುತ್ತೆ ಅಂದಿದ್ದರು. ಬಂದದ್ದು 11ನೇ ದಿನ. ಐದನೇ ದಿನ ಫೋನ್ ಮಾಡಿದಾಗ, ಇನ್ನೊಬ್ಬ ಡಾಕ್ಟರಿಗೂ ತೋರಿಸಬೇಕಂತೆ, ಸ್ವಲ್ಪ ಕಾಯಿರಿ ಅಂದರು. ಆ 'ಇನ್ನೊಬ್ಬರಿಗೂ' ಅನ್ನೋ ಮಾತು ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗೆ ಬಿತ್ತು. ಯಾಕೆ ಇನ್ನೊಬ್ಬರಿಗೂ? ಮೊದಲಿನವರಿಗೆ ಏನು ಕಂಡಿತು? ಕೇಳಿದರೆ ಹೇಳುವವರು ಯಾರೂ ಇರಲಿಲ್ಲ. ಆಮೇಲಿನ ಆರು ದಿನ ನಾನು ಫೋನನ್ನು ಕೈಯಿಂದ ಕೆಳಗಿಟ್ಟದ್ದೇ ಕಡಿಮೆ. ರಾತ್ರಿ ಮೂರು ಗಂಟೆಗೆ ಎದ್ದು ನೋಡುತ್ತಿದ್ದೆ, ಯಾರೋ ಆ ಹೊತ್ತಿನಲ್ಲಿ ರಿಪೋರ್ಟ್ ಕಳಿಸಿರುತ್ತಾರೆ ಅನ್ನುವ ಹಾಗೆ. ಒಂದು ಹಂತದಲ್ಲಿ, ಕೆಟ್ಟದ್ದೇ ಆಗಿದ್ದರೂ ಸರಿ, ಏನು ಅಂತ ಗೊತ್ತಾಗಲಿ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನಗೇ ಭಯವಾಯಿತು. ಅಮ್ಮನಿಗೆ ಕೆಟ್ಟದ್ದಾದರೂ ಪರವಾಗಿಲ್ಲ, ನನ್ನ ಚಡಪಡಿಕೆ ನಿಂತರೆ ಸಾಕು ಅಂದ ಹಾಗಾಯಿತು ಅಲ್ವಾ?

ಇದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣ ಇದೆ. ನನ್ನ ಸುತ್ತ ಎಲ್ಲರೂ ಯಾವುದೋ ಒಂದಕ್ಕೆ ಕಾಯುತ್ತಿದ್ದಾರೆ. ಕೆಲಸ ಉಳಿಯುತ್ತದೋ ಇಲ್ಲವೋ, ಸಾಲ ತೀರುತ್ತದೋ ಇಲ್ಲವೋ, ದೂರದಲ್ಲಿರುವ ಮಕ್ಕಳು ಕ್ಷೇಮವಾಗಿದ್ದಾರೋ ಇಲ್ಲವೋ. ಸುದ್ದಿ ನೋಡಿದರೆ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಕವಿತೆ ಓದಿ, ಗಿಡಮರ ನೋಡಿ, ಮನಸ್ಸು ತಿಳಿಯಾಗುತ್ತೆ ಅಂತ ಹೇಳುವವರು ಮೊದಲೂ ಇದ್ದರು. ನಾನು ಅದನ್ನು ನಂಬಿದ್ದೆ ಕೂಡ. ಆದರೆ ಆ 11 ದಿನಗಳಲ್ಲಿ ನನಗೆ ಆದದ್ದು ನಾನು ನಂಬಿದ್ದ ಹಾಗಿರಲಿಲ್ಲ. ಅದು ಏನು ಅಂತ ಬಿಡಿಸಿಕೊಳ್ಳಲು ಅವತ್ತಿನಿಂದ ಒದ್ದಾಡುತ್ತಿದ್ದೇನೆ.

ಸಂತೆಯೋ, ಸಮುದ್ರವೋ

ಸೂಜಿ ಹಾಕಿದ ದಿನ ನಾವು ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದೆವು. ಗೋಡೆಯ ಮೇಲೆ ಟಿವಿ, ಅದರ ಕೆಳಗೆ ನೀರಿನ ಕ್ಯಾನು, ಬಾಗಿಲು ತೆರೆದಾಗಲೆಲ್ಲ ಎಲ್ಲರ ಕತ್ತೂ ಒಟ್ಟಿಗೆ ಆ ಕಡೆ ತಿರುಗುತ್ತಿತ್ತು. ನಾನು ಫೋನಿನಲ್ಲಿ ಡಾಕ್ಟರ್ ಚೀಟಿಯ ಒಂದೊಂದೇ ಪದ ಹುಡುಕಿ ಓದುತ್ತಿದ್ದೆ. ಪಕ್ಕದಲ್ಲಿ ಅಮ್ಮ ಏನೋ ಗುನುಗುತ್ತಿದ್ದಳು. ಪ್ರಾರ್ಥನೆ ಇರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಮೊಣಕೈ ತಟ್ಟಿ, "ಬೆಟ್ಟದ ಮೇಲೊಂದು ಮನೆಯ ಮಾಡಿ, ಆಮೇಲೆ ಸಂತೆನಾ, ಸಮುದ್ರನಾ?" ಅಂದಳು.

ಅಕ್ಕಮಹಾದೇವಿಯ ಆ ವಚನ ಗೊತ್ತಿಲ್ಲದವರು ಯಾರು. ನಾನು ತಟ್ಟನೆ "ಸಂತೆ" ಅಂದೆ. ಅಮ್ಮ ತಲೆ ಅಲ್ಲಾಡಿಸಿದಳು. ಫೋನಿನಲ್ಲಿ ನೋಡಿ ಹೇಳ್ತೀನಿ ಇರು ಅಂದರೆ, "ಅದರಲ್ಲಿ ನೋಡಬೇಡ ಕಣೇ, ನೆನಪು ಮಾಡ್ಕೊ" ಅಂತ ಫೋನಿನ ಮೇಲೆ ಕೈ ಇಟ್ಟಳು. ಅಮ್ಮ ಏಳನೇ ಕ್ಲಾಸಿನವರೆಗೆ ಓದಿದವಳು. ಆ ಬೆಂಚಿನ ಮೇಲೆ ಕೂತು ಅವಳು ಹೇಳಿದ್ದನ್ನು ನಾನು ಯಾವ ಮೇಷ್ಟರ ಬಾಯಲ್ಲೂ ಕೇಳಿರಲಿಲ್ಲ. "ಬೆಟ್ಟದ ಮೇಲೆ ಮೃಗ. ಸಮುದ್ರದ ದಡದಲ್ಲಿ ತೆರೆ. ಅವಕ್ಕೆ ನಾವು ಯಾರು ಅಂತಲೇ ಗೊತ್ತಿಲ್ಲ. ಸಂತೆಯಲ್ಲಿ ಮಾತ್ರ ಜನ. ಕೊನೆಗೆ ಸ್ತುತಿ ನಿಂದೆ ಅಂತ ಬರುತ್ತಲ್ಲ, ಅದು ಮಾಡೋರು ಜನ ತಾನೆ? ಹಾಗಾಗಿ ಸಂತೆ ಕೊನೆಗೇ ಬರಬೇಕು. ಸಮುದ್ರ ಮಧ್ಯದಲ್ಲಿ." ಆಮೇಲೆ ಸರಿಯಾದ ಕ್ರಮದಲ್ಲಿ, ಮೆಲ್ಲಗೆ, ಪೂರ್ತಿ ಹೇಳಿದಳು.

ಬೆಟ್ಟದ ಮೇಲೊಂದು ಮನೆಯ ಮಾಡಿ, ಮೃಗಗಳಿಗಂಜಿದಡೆಂತಯ್ಯಾ? ಸಮುದ್ರದ ತಡಿಯಲೊಂದು ಮನೆಯ ಮಾಡಿ, ನೊರೆತೆರೆಗಳಿಗಂಜಿದಡೆಂತಯ್ಯಾ? ಸಂತೆಯೊಳಗೊಂದು ಮನೆಯ ಮಾಡಿ, ಶಬ್ದಕ್ಕೆ ನಾಚಿದಡೆಂತಯ್ಯಾ?

ಒಳಗೆ ಕರೆದಾಗ ಎರಡು ಗಂಟೆ ಆಗಿದೆ ಅಂತ ಗೊತ್ತಾಗಿದ್ದೇ ಗೋಡೆಯ ಗಡಿಯಾರ ನೋಡಿ. ಕೊನೆಯ ಅರ್ಧ ಗಂಟೆ ನಾನು ಹೆದರಿಯೇ ಇರಲಿಲ್ಲ. ಹೆದರಿಕೆ ಹೋಗಿತ್ತು ಅಂತಲ್ಲ. ಅದು ಪಕ್ಕದಲ್ಲೇ ಕೂತಿತ್ತು, ನಾವಿಬ್ಬರೂ ಬೇರೆ ಏನೋ ಕೆಲಸದಲ್ಲಿದ್ದೆವು.

ಆ ವಚನದಲ್ಲಿ ಪ್ರಕೃತಿ ಇದೆ, ಆದರೆ ಅದು ನೆಮ್ಮದಿ ಕೊಡುವ ಪ್ರಕೃತಿ ಅಲ್ಲ. ಬೆಟ್ಟ ಅಂದರೆ ತಂಪು ಗಾಳಿ ಅಲ್ಲ, ಮೃಗ. ಸಮುದ್ರ ಅಂದರೆ ಸೂರ್ಯಾಸ್ತ ಅಲ್ಲ, ಮನೆ ಬಾಗಿಲಿಗೆ ಬರುವ ತೆರೆ. ಅಕ್ಕ ಮೃಗಗಳು ಬರಲ್ಲ ಅಂತ ಎಲ್ಲೂ ಹೇಳುವುದಿಲ್ಲ. ಬೇರೆ ಕಡೆ ಮನೆ ಕಟ್ಟು ಅಂತಲೂ ಹೇಳುವುದಿಲ್ಲ. ಮನೆ ಆಗಲೇ ಕಟ್ಟಿ ಆಗಿದೆ, ನಾವು ಹುಟ್ಟಿ ಆಗಿದೆ. ವಚನ ಶುರುವಾಗುವುದೇ ಅಲ್ಲಿಂದ. ಅಕ್ಕ ಹೇಳಿದ್ದು ಸ್ತುತಿ ನಿಂದೆಗಳ ವಿಷಯ, ಕಾಯಿಲೆಯದ್ದಲ್ಲ, ನನಗೆ ಗೊತ್ತು. ಆದರೆ ಎಂಟುನೂರು ವರ್ಷಕ್ಕೂ ಹಿಂದಿನ ಆ ಮಾತು ಅವತ್ತು ಆ ಬೆಂಚಿನವರೆಗೂ ಬಂತು. ವಚನದ ಕೊನೆಯ ಪದ ನಿಮಗೆ ನೆನಪಿರಬಹುದು. ಸಮಾಧಾನಿಯಾಗಿರಬೇಕು.

ಒಂದೇ ಪದ

ಈ ಸಮಾಧಾನ ಅನ್ನುವ ಪದ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಎಷ್ಟು ಕಡೆ ಬಳಸುತ್ತೇವೆ ನೋಡಿ. ಅಳುತ್ತಿರುವವರಿಗೆ ಸಮಾಧಾನ ಹೇಳುತ್ತೇವೆ. ಪ್ರಶ್ನೆ ಕೇಳಿದವರಿಗೆ ಸಮಾಧಾನ ಕೊಡುತ್ತೇವೆ, ಅಂದರೆ ಉತ್ತರ ಕೊಡುತ್ತೇವೆ. ಶಂಕೆ ಸಮಾಧಾನ ಅಂತ ಜೋಡಿಯಾಗಿಯೇ ಅನ್ನುತ್ತೇವೆ. ಓಡುವ ಮಗುವಿಗೆ 'ಸಮಾಧಾನವಾಗಿ ನಡಿ' ಅನ್ನುತ್ತೇವೆ. ಅಲ್ಲಿ ಉತ್ತರವೂ ಇಲ್ಲ, ಸಾಂತ್ವನವೂ ಇಲ್ಲ. ಅವಸರ ಬೇಡ ಅಂತ ಅಷ್ಟೇ.

ನಾನು ಆ ದಿನಗಳಲ್ಲಿ ಹುಡುಕುತ್ತಿದ್ದದ್ದು ಉತ್ತರದ ಸಮಾಧಾನ. ಹೌದು ಅಥವಾ ಇಲ್ಲ. ಅದು ಫೋನಿನಲ್ಲಿ ಬರಬೇಕಿತ್ತು, ಬರುತ್ತಿರಲಿಲ್ಲ. ಅದಕ್ಕೇ ಕವಿತೆಗಳ ಹತ್ತಿರ ಹೋದಾಗಲೂ ನಾನು ಉತ್ತರವನ್ನೇ ಕೇಳಿದೆ. ಎಲ್ಲಾ ಒಳ್ಳೆಯದಾಗುತ್ತದೆ, ಕತ್ತಲೆ ಆದ ಮೇಲೆ ಬೆಳಕು ಬಂದೇ ಬರುತ್ತದೆ ಅನ್ನುವಂಥ ಸಾಲುಗಳನ್ನು ಹುಡುಕಿ ಓದಿದೆ. ಸ್ನೇಹಿತರೂ ಪ್ರೀತಿಯಿಂದ ಕಳಿಸಿದರು. ಅವರ ಪ್ರೀತಿ ನನಗೆ ಬೇಕಿತ್ತು. ಸಾಲುಗಳು ಮಾತ್ರ ತಾಗಲಿಲ್ಲ. ಬೆಳಕು ಬಂದೇ ಬರುತ್ತದೆ ಅಂತ ಓದಿದ ಕೂಡಲೇ ಮನಸ್ಸು, ಬಾರದಿದ್ದರೆ? ಅಂತ ಕೇಳುತ್ತಿತ್ತು. ಧೈರ್ಯ ಹೇಳುವ ಕವಿತೆ ಒಂದು ಮಾತು ಕೊಡುತ್ತದೆ. ಆ ಮಾತು ಉಳಿಯುತ್ತದೋ ಇಲ್ಲವೋ ಅನ್ನುವುದು ಹೊಸ ಚಿಂತೆಯಾಗುತ್ತದೆ. ಅಮ್ಮನ ವಚನ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಅದರಲ್ಲಿದ್ದದ್ದು ಮೂರು ಪ್ರಶ್ನೆ.

ಬೆಳಗಿನ ಜಾವದ ಕೆಲಸ

ಏಳನೇ ದಿನ ಇರಬೇಕು. ನಿದ್ದೆ ಬಾರದೆ ಐದು ಗಂಟೆಗೆ ಮುಂಚೆಯೇ ಬಾಲ್ಕನಿಗೆ ಬಂದೆ. ಕಂಬಿಗೂ ಹೂಕುಂಡದ ಗಿಡಕ್ಕೂ ನಡುವೆ ಒಂದು ಜೇಡ ಬಲೆ ಕಟ್ಟುತ್ತಿತ್ತು. ಸುಮ್ನೆ ನೋಡಿದೆ. ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತೆ. ನಾನು ಬಂದಾಗ ಹೊರಗಿನ ಚೌಕಟ್ಟು ಆಗಿತ್ತು, ಸೈಕಲ್ ಚಕ್ರದ ಕಡ್ಡಿಗಳ ಹಾಗೆ ನಡುವಿನಿಂದ ಎಳೆಗಳು ಹರಡಿದ್ದವು. ಜೇಡ ನಡುವಿನಿಂದ ಹೊರಟು, ಸುತ್ತು ಸುತ್ತಾಗಿ, ದೂರ ದೂರಕ್ಕೆ ಒಂದು ಎಳೆ ಹಾಕುತ್ತಾ ಅಂಚಿಗೆ ಹೋಯಿತು. ಮುಗಿಯಿತು ಅಂದುಕೊಂಡೆ. ಆದರೆ ಅಂಚಿನಲ್ಲಿ ಅದು ತಿರುಗಿ ನಿಂತಿತು. ಈಗ ಹೊರಗಿನಿಂದ ಒಳಕ್ಕೆ, ತುಂಬಾ ಹತ್ತಿರ ಹತ್ತಿರವಾಗಿ, ಬೇರೆ ಎಳೆ ಹಾಕತೊಡಗಿತು. ಹಿಂಗಾಲಿನಿಂದ ಎಳೆ ಎಳೆದು, ಕಡ್ಡಿಗೆ ತಾಗಿಸಿ, ಒಮ್ಮೆ ಒತ್ತಿ, ಮುಂದಿನ ಕಡ್ಡಿಗೆ. ಎಳೆಯುವುದು, ತಾಗಿಸುವುದು, ಒತ್ತುವುದು. ಹಾಗೆ ಬರುತ್ತಾ ಬರುತ್ತಾ, ತಾನೇ ಮೊದಲು ಹಾಕಿದ್ದ ದೂರದ ಸುತ್ತನ್ನು ಬಿಚ್ಚುತ್ತಾ ಬಂತು.

ಇದು ಯಾಕೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಚಕ್ರದ ಹಾಗೆ ಬಲೆ ನೇಯುವ ಜೇಡಗಳು ಮೊದಲು ಹಾಕುವ ಸುತ್ತು ಅಂಟುವುದಿಲ್ಲ. ಅದು ಓಡಾಡುವುದಕ್ಕೆ, ಕಡ್ಡಿಗಳು ಅಲುಗದ ಹಾಗೆ ಹಿಡಿದುಕೊಳ್ಳುವುದಕ್ಕೆ. ಮನೆ ಕಟ್ಟುವಾಗ ಹಾಕುವ ಸಾರವೆ ಇದ್ದ ಹಾಗೆ. ಹುಳ ಹಿಡಿಯುವ ಅಂಟಿನ ಸುತ್ತು ಬರುವುದು ಆಮೇಲೆ, ಅದು ಬರುತ್ತಿದ್ದಂತೆ ಸಾರವೆ ಹೋಗುತ್ತದೆ. ಇಂಥ ಎಷ್ಟೋ ಜೇಡಗಳು ಹಳೆಯ ಬಲೆಯನ್ನು ತಾವೇ ತಿಂದು, ದಿನಾ ಹೊಸದು ನೇಯುತ್ತವೆ. ತಿಂದ ನೂಲು ಹೊಸ ನೂಲಿಗೆ ಬರುತ್ತದೆ. ಎಂಟು ಕಣ್ಣಿದ್ದರೂ ಈ ಜಾತಿಯವಕ್ಕೆ ದೃಷ್ಟಿ ಅಷ್ಟಕ್ಕಷ್ಟೇ. ಎಲ್ಲವನ್ನೂ ಕಾಲಿನಿಂದ ಮುಟ್ಟಿ, ಎಳೆಯ ನಡುಕದಿಂದಲೇ ತಿಳಿಯುತ್ತವೆ. ಅಷ್ಟು ಕತ್ತಲಲ್ಲಿ ಅದು ಹೇಗೆ ನೇಯುತ್ತಿತ್ತು ಅನ್ನುವುದು ಆಗ ಅರ್ಥವಾಯಿತು.

ಬಲೆ ಮುಗಿದಾಗ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಜೇಡ ನಡುವೆ ತಲೆ ಕೆಳಗಾಗಿ ಕೂತು, ಎಂಟು ಕಾಲನ್ನೂ ಎಳೆಗಳ ಮೇಲೆ ಇಟ್ಟು, ಕಾಯಲು ಶುರು ಮಾಡಿತು. ಅದೂ ಕಾಯುತ್ತಿತ್ತು, ನಾನೂ ಕಾಯುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಒಂದು ಚಿಟ್ಟೆಯಂಥ ಸಣ್ಣ ಹುಳ ಬಂದು ಸಿಕ್ಕಿಕೊಂಡಿತು. ಒದ್ದಾಡಿತು. ಜೇಡ ಓಡಿ ಬಂದು ನೂಲು ಸುತ್ತಿತು. ನಾನು ಕಣ್ಣು ಕದಲಿಸಲಿಲ್ಲ, ಅಸಹ್ಯವೂ ಆಗಲಿಲ್ಲ. ಬಿಡಿಸಬೇಕು ಅಂತ ಕೈ ಮುಂದೆ ಹೋಗಿ ಹಿಂದಕ್ಕೆ ಬಂತು.

ಒಳಗೆ ಬಂದಾಗ ಆರೂಕಾಲು. ಒಂದು ಗಂಟೆಗೂ ಜಾಸ್ತಿ ಹೊತ್ತು ನಾನು ಫೋನ್ ಮುಟ್ಟಿರಲಿಲ್ಲ. ಅದು ಎಲ್ಲಿದೆ ಅಂತಲೂ ನೆನಪಾಗಲಿಲ್ಲ.

ಪ್ರಕೃತಿಯ ಮಡಿಲು ಅನ್ನುತ್ತೇವಲ್ಲ, ನನಗೆ ಅವತ್ತು ಸಿಕ್ಕಿದ್ದು ಮಡಿಲಲ್ಲ. ಆ ಜೇಡಕ್ಕೆ ನನ್ನ ಮೇಲೆ ಯಾವ ಕನಿಕರವೂ ಇರಲಿಲ್ಲ. ಅದಕ್ಕೆ ಅಮ್ಮನ ರಿಪೋರ್ಟ್ ಬೇಕಿರಲಿಲ್ಲ. ಅದೇ ನನಗೆ ಹಗುರ ಅನ್ನಿಸಿತು. ಎಷ್ಟೋ ದಿನದಿಂದ ಜಗತ್ತಿನಲ್ಲಿರುವುದೆಲ್ಲ ಆ ಗಂಟಿನ ಬಗ್ಗೆಯೇ ಮಾತಾಡುತ್ತಿದೆ ಅನ್ನಿಸಿತ್ತು. ಇಲ್ಲೊಂದು ಜೀವ ಅದರ ಗೊಡವೆಯೇ ಇಲ್ಲದೆ ತನ್ನ ಕೆಲಸದಲ್ಲಿ ಮುಳುಗಿತ್ತು. ಅಮ್ಮ ಬೆಂಚಿನ ಮೇಲೆ ಹೇಳಿದ್ದು ಇದನ್ನೇ ಅಲ್ವಾ? ಅವಕ್ಕೆ ನಾವು ಯಾರು ಅಂತಲೇ ಗೊತ್ತಿಲ್ಲ.

ಈ ಬಗ್ಗೆ ಕೆಲಸ ಮಾಡಿದವರೂ ಇದ್ದಾರೆ. ಸ್ಟೀಫನ್ ಮತ್ತು ರೇಚಲ್ ಕ್ಯಾಪ್ಲನ್ ಅನ್ನುವ ಮನಶ್ಶಾಸ್ತ್ರಜ್ಞ ದಂಪತಿ ಹೇಳಿದ್ದು ನನಗೆ ತುಂಬಾ ಸರಿ ಅನ್ನಿಸುತ್ತದೆ. ನಾವು ಬಲವಂತವಾಗಿ ಗಮನ ಇಡುವ ಕೆಲಸಗಳು ಗಮನವನ್ನೇ ದಣಿಸುತ್ತವೆ. ಮೋಡ, ಎಲೆ, ನೀರಿನ ಅಲೆ ಇಂಥವು ಗಮನವನ್ನು ಮೆಲ್ಲಗೆ ಸೆಳೆಯುತ್ತವೆ, ಕಿತ್ತುಕೊಳ್ಳುವುದಿಲ್ಲ. ಆ ಹೊತ್ತಿನಲ್ಲಿ ದಣಿದ ಗಮನ ಸುಧಾರಿಸಿಕೊಳ್ಳುತ್ತದೆ. ರೋಜರ್ ಅಲ್ರಿಕ್ ಅನ್ನುವವರು 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವೂ ಇದೆ. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆ ನೋಡಿದ್ದರು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದರು, ನೋವಿಗೆ ಕೊಡುವ ಗಟ್ಟಿ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಮುಕ್ಕಾಲು ದಿನ ಅಂದರೆ ದೊಡ್ಡ ಪವಾಡ ಅಲ್ಲ. ಆದರೆ ಆಸ್ಪತ್ರೆಯಲ್ಲಿ ಮಲಗಿದವರನ್ನು ಕೇಳಿ, ಮುಕ್ಕಾಲು ದಿನ ಎಷ್ಟು ಉದ್ದ ಅಂತ.

ಬಾಯಿಬಿಟ್ಟು ಓದುವುದು

ಜೇಡ ನೋಡಿದ ದಿನವೇ ಇನ್ನೊಂದು ಅಭ್ಯಾಸ ಶುರುವಾಯಿತು. ಬಾಲ್ಕನಿಯಲ್ಲಿ ಕೂತು ಒಂದೇ ಕವಿತೆಯನ್ನು ಬಾಯಿಬಿಟ್ಟು ಓದುವುದು. ಕಣ್ಣಲ್ಲೇ ಓದಿದರೆ ನನ್ನ ಕಣ್ಣು ಸಾಲಿನ ಮೇಲೆ ಓಡಿಬಿಡುತ್ತಿತ್ತು, ಫೋನಿನಲ್ಲಿ ಓಡಿದ ಹಾಗೆಯೇ. ಬಾಯಿ ಅಷ್ಟು ಬೇಗ ಓಡಲ್ಲ. 'ನೊರೆತೆರೆಗಳಿಗಂಜಿದಡೆಂತಯ್ಯಾ' ಅನ್ನುವ ಪದವನ್ನು ಒಮ್ಮೆ ಜೋರಾಗಿ ಹೇಳಿ ನೋಡಿ. ಅದನ್ನು ಅವಸರದಲ್ಲಿ ಹೇಳಲು ಆಗಲ್ಲ. ನೊರೆಯೂ ತೆರೆಯೂ ಒಂದರ ಮೇಲೊಂದು ಉರುಳಿ ಬಂದು, ಆ ಉದ್ದನೆಯ 'ಯ್ಯಾ'ದಲ್ಲಿ ದಡಕ್ಕೆ ಹರಡುತ್ತವೆ. ಅಲ್ಲಿ ಉಸಿರು ತಾನಾಗಿ ಖಾಲಿಯಾಗುತ್ತದೆ. ಹೊಸ ಉಸಿರು ತೆಗೆದುಕೊಂಡೇ ಮುಂದಿನ ಸಾಲಿಗೆ ಹೋಗಬೇಕು.

2001ರಲ್ಲಿ ಇಟಲಿಯ ಸಂಶೋಧಕರ ಒಂದು ತಂಡ, ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನೂ ಮಂತ್ರವನ್ನೂ ಹೇಳುವವರ ಉಸಿರಾಟ ಅಳೆದಿತ್ತು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಸಾಮಾನ್ಯವಾಗಿ ನಾವು ಅದರ ಎರಡರಷ್ಟಕ್ಕಿಂತ ಜಾಸ್ತಿ ಸಲ ಉಸಿರಾಡುತ್ತೇವೆ. ಆ ನಿಧಾನದಲ್ಲಿ ಹೃದಯದ ಬಡಿತವೂ ಉಸಿರಿನ ಜೊತೆ ಹೊಂದಿಕೊಳ್ಳುತ್ತದೆ. ಪ್ರಾರ್ಥನೆಯೂ ಕವಿತೆಯೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಸಾಲಿನ ಉದ್ದವನ್ನು ಉಸಿರಿನ ಉದ್ದಕ್ಕೆ ಹೊಂದಿಸಿದವರು ಏನು ಮಾಡುತ್ತಿದ್ದೇವೆ ಅಂತ ಬಲ್ಲವರು.

ಎಲ್ಲಾ ದಿನ ಇದು ಆಗಲಿಲ್ಲ. ಒಂಬತ್ತನೇ ರಾತ್ರಿ ಯಾವ ಸಾಲೂ ನಿಲ್ಲಲಿಲ್ಲ. ವಚನ ಹೇಳಲು ಹೋದರೆ ಗಂಟಲು ಕಟ್ಟಿತು. ಮಳೆ ಬಂದು ಜೇಡವೂ ಎಲ್ಲೋ ಹೋಗಿತ್ತು, ಕಂಬಿಯಲ್ಲಿ ಎರಡು ಎಳೆ ಮಾತ್ರ ನೇತಾಡುತ್ತಿದ್ದವು. ನಾನು ನೆಲದ ಮೇಲೆ ಕೂತು ಅತ್ತೆ. ಅಮ್ಮ ಎದ್ದು ಬಂದು ಏನೂ ಕೇಳದೆ ಪಕ್ಕದಲ್ಲಿ ಕೂತಳು. ಕಾಯಿಲೆ ಅವಳದ್ದು, ಸಮಾಧಾನ ಮಾಡಿದ್ದು ಅವಳೇ. ಕವಿತೆಗೂ ಆಕಾಶಕ್ಕೂ ಎಲ್ಲಾ ಭಾರ ಹೊರಿಸಬಾರದು. ಕೆಲವು ರಾತ್ರಿಗಳಿಗೆ ಮನುಷ್ಯರೇ ಬೇಕು. ನಿದ್ದೆ ವಾರಗಟ್ಟಲೆ ಬಾರದಿದ್ದರೆ ಡಾಕ್ಟರೂ ಬೇಕು.

ಅವತ್ತು ನನಗೆ ನೆನಪಾದದ್ದು ಜಪಾನಿನ ಹಾಯ್ಕು ಕವಿ ಇಸ್ಸ. 1819ರಲ್ಲಿ ಅವನ ಪುಟ್ಟ ಮಗಳು ಸಿಡುಬಿನಿಂದ ತೀರಿಕೊಂಡಳು. ಆ ದುಃಖದಲ್ಲಿ ಅವನು ಬರೆದ ಮೂರು ಸಾಲಿನಲ್ಲಿ, ಈ ಲೋಕ ಇಬ್ಬನಿಯ ಲೋಕ ಅನ್ನುತ್ತಾನೆ. ಎಲ್ಲವೂ ಆರಿ ಹೋಗುವಂಥದ್ದು ಅಂತ ಅವನ ಧರ್ಮ ಹೇಳಿಕೊಟ್ಟಿತ್ತು, ಅವನು ಅದನ್ನು ಒಪ್ಪಿದ್ದ. ಆಮೇಲೆ 'ಆದರೂ, ಆದರೂ' ಅಂತ ಅಲ್ಲೇ ನಿಲ್ಲಿಸುತ್ತಾನೆ. ಆದರೂ ಏನು ಅಂತ ಹೇಳುವುದಿಲ್ಲ. ತಿಳಿದವನಿಗೂ ಮಗು ಮಗುವೇ. ಆ ರಾತ್ರಿ ಆ 'ಆದರೂ' ನನ್ನ ಜೊತೆ ನೆಲದ ಮೇಲೆ ಕೂತಿತು. ಅಳಬೇಡ ಅನ್ನಲಿಲ್ಲ.

ತಮ್ಮನಿಗೆ ಬರೆದ ಪತ್ರ

ಇಂಗ್ಲಿಷ್ ಕವಿ ಕೀಟ್ಸ್ ಹೇಳಿದ ನೆಗೆಟಿವ್ ಕೇಪಬಿಲಿಟಿ ಅನ್ನುವ ಮಾತನ್ನು ಕಾಲೇಜಿನಲ್ಲಿ ಪರೀಕ್ಷೆಗೆ ಓದಿದ್ದೆ. ಅನಿಶ್ಚಿತತೆಯ ನಡುವೆ, ಸಂಶಯಗಳ ನಡುವೆ, ಕಾರಣಕ್ಕೂ ಖಚಿತ ಉತ್ತರಕ್ಕೂ ಚಡಪಡಿಸದೆ ಇರಬಲ್ಲ ಶಕ್ತಿ ಅಂತ ಅದರ ಅರ್ಥ. ದೊಡ್ಡ ಬರಹಗಾರರಿಗೆ ಈ ಶಕ್ತಿ ಇರುತ್ತದೆ ಅಂತ ಅವನು ಹೇಳಿದ್ದು. ಅಂಕಕ್ಕಾಗಿ ಬರೆದು ಮರೆತಿದ್ದೆ. ಆ ಮಾತು ಯಾರಿಗೆ ಬರೆದ ಪತ್ರದಲ್ಲಿದೆ ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. 1817ರ ಡಿಸೆಂಬರಿನಲ್ಲಿ ಅವನು ತನ್ನ ಇಬ್ಬರು ತಮ್ಮಂದಿರಿಗೆ ಬರೆದ ಪತ್ರ ಅದು. ಅವರಲ್ಲಿ ಚಿಕ್ಕವನು ಟಾಮ್ ಕಾಯಿಲೆಯಲ್ಲಿದ್ದ. ಅವನ ಆರೋಗ್ಯಕ್ಕಾಗಿಯೇ ತಮ್ಮಂದಿರು ಸಮುದ್ರದ ತಡಿಯ ಊರಿಗೆ ಹೋಗಿದ್ದರು. ಕೀಟ್ಸ್ ಸ್ವತಃ ವೈದ್ಯಕೀಯ ಕಲಿತವನು. ಕ್ಷಯ ಅಂದರೆ ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ಟಾಮ್ ಹೋದ. 1821ರಲ್ಲಿ, 25ನೇ ವಯಸ್ಸಿನಲ್ಲಿ, ಕೀಟ್ಸ್ ಕೂಡ ಅದೇ ಕಾಯಿಲೆಯಲ್ಲಿ ಹೋದ.

ಪತ್ರದಲ್ಲಿ ಅವನು ಬರೆದದ್ದು ಸಾಹಿತ್ಯದ ಬಗ್ಗೆ. ಆದರೆ ಕಾಯಿಲೆಯ ತಮ್ಮನಿಗೆ ಪತ್ರ ಬರೆಯಲು ಕೂತವನ ಕೈಯಿಂದ ಆ ಮಾತು ಬಂದಿದೆ ಅಂತ ತಿಳಿದು ಓದಿದರೆ, ನನಗೆ ಅದು ಬೇರೆಯೇ ಕೇಳಿಸುತ್ತದೆ. ಗೊತ್ತಿಲ್ಲದಿರುವುದರ ಜೊತೆ ಇರುವುದು. ಉತ್ತರದ ಸಮಾಧಾನ ಅಲ್ಲ, ನಡಿಗೆಯ ಸಮಾಧಾನ.

11ನೇ ದಿನ

ರಿಪೋರ್ಟ್ ಬಂತು. ಅದರಲ್ಲಿ ಉತ್ತರ ಇರಲಿಲ್ಲ. ಇಂಥ ಗಂಟುಗಳಲ್ಲಿ ಕೆಲವು ಸಲ ಹೀಗಾಗುತ್ತಂತೆ, ತೆಗೆದ ಮಾದರಿಯನ್ನು ನೋಡಿ ಹೌದು ಅಂತಲೂ ಹೇಳಲು ಆಗಲ್ಲ, ಅಲ್ಲ ಅಂತಲೂ ಹೇಳಲು ಆಗಲ್ಲ. ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಅಂದರು ಡಾಕ್ಟರ್. ಎರಡು ವಾರ ಹಿಂದೆ ಈ ಮಾತು ಕೇಳಿದ್ದರೆ ನಾನು ಕುಸಿಯುತ್ತಿದ್ದೆ. ಅವತ್ತು ಆರು ತಿಂಗಳು ಅನ್ನುವುದನ್ನು ಡೈರಿಯಲ್ಲಿ ಬರೆದುಕೊಂಡೆ. ಕೈ ನಡುಗಿತು, ಆದರೂ ಬರೆದೆ.

ಮೊನ್ನೆ ಆ ಆರು ತಿಂಗಳು ತುಂಬಿತು. ಅದೇ ಬೆಂಚು, ಅದೇ ಟಿವಿ. ಅಮ್ಮ ಬಂದು ಕೂತ ಕೂಡಲೇ, "ಬೆಟ್ಟದ ಮೇಲೊಂದು ಮನೆಯ ಮಾಡಿ" ಅಂದು ನನ್ನ ಮುಖ ನೋಡಿದಳು. ನಾನು ಮೃಗಗಳನ್ನು ಹೇಳಿದೆ. ಅವಳು ಸಮುದ್ರದ ತಡಿಗೆ ಹೋದಳು. ಅಷ್ಟರಲ್ಲಿ ಬಾಗಿಲು ತೆರೆದು ಅಮ್ಮನ ಹೆಸರು ಕರೆದರು. ನಾನು ಎದ್ದು ಫೈಲ್ ಎತ್ತಿಕೊಂಡೆ. ಅಮ್ಮ ಏಳಲಿಲ್ಲ.

"ಇರು, ಸಂತೆ ಒಂದು ಬಾಕಿ ಇದೆ" ಅಂದಳು.